ಮಿಡ್‌ವೇ ಆಟದಲ್ಲಿ ನನ್ನ ವಿಮಾನಗಳಿಗೆ ಬರೀ ಖಾಲಿ ಸಮುದ್ರವೇ ಸಿಗುವುದೇಕೆ?

ಪ್ರಶ್ನೆ: ಎರಡು ತಿಂಗಳಿಂದ ಕಂಪ್ಯೂಟರ್‌ನಲ್ಲಿ ‘ಕ್ಯಾರಿಯರ್ಸ್ ಅಟ್ ವಾರ್’ ಆಡುತ್ತಿದ್ದೇನೆ. ಮಿಡ್‌ವೇ ಕದನವನ್ನು ಅಮೆರಿಕದ ಕಡೆಯಿಂದ ಆರು ಸಲ ಆಡಿದೆ, ಐದು ಸಲ ಸೋತೆ. ಇತಿಹಾಸದಲ್ಲಿ, 1942ರ ಜೂನ್ ತಿಂಗಳಲ್ಲಿ, ಅಮೆರಿಕ ಗೆದ್ದಿತ್ತು, ಜಪಾನಿನ ನಾಲ್ಕು ವಿಮಾನವಾಹಕ ನೌಕೆಗಳು ಮುಳುಗಿದ್ದವು. ನನಗೆ ಮಾತ್ರ ಪ್ರತಿ ಸಲ ಹೀಗಾಗುತ್ತದೆ: ಶತ್ರು ಕಂಡ ಅಂತ ವರದಿ ಬರುತ್ತದೆ. ತಕ್ಷಣ ಎಲ್ಲ ವಿಮಾನಗಳನ್ನೂ ಕಳಿಸುತ್ತೇನೆ. ಅವು ಹೋಗಿ ನೋಡಿದರೆ ಅಲ್ಲಿ ಏನೂ ಇರುವುದಿಲ್ಲ. ವಾಪಸ್ ಬರುವಷ್ಟರಲ್ಲಿ ನನ್ನ ನೌಕೆಗಳು ಹೊತ್ತಿ ಉರಿಯುತ್ತಿರುತ್ತವೆ. ಇದು ಬರೀ ಅದೃಷ್ಟದ ಆಟವಾ? ಇನ್ನೊಂದು ವಿಷಯ, ಸಂಜೆ ಹೊತ್ತಿಗೆ ಶತ್ರು ಸಿಕ್ಕರೆ ವಿಮಾನ ಕಳಿಸಬೇಕಾ, ಬಿಡಬೇಕಾ?

ಉತ್ತರ: ಅದೃಷ್ಟ ಇದೆ. ಆದರೆ ಐದು ಸಲ ಒಂದೇ ರೀತಿ ಸೋತಿದ್ದೀರಿ ಅಂದರೆ ಅದು ಅದೃಷ್ಟದ ಕೆಲಸ ಅಲ್ಲ. ಕಾರಣ ನಿಮ್ಮ ಪತ್ರದಲ್ಲೇ ಇದೆ. ‘ಶತ್ರು ಕಂಡ’ ಅಂತ ಬರೆದಿದ್ದೀರಿ. ಎಷ್ಟು ಗಂಟೆಗೆ ಕಂಡ, ಏನು ಕಂಡಿತು, ಯಾವ ಕಡೆ ಹೋಗುತ್ತಿತ್ತು ಅಂತ ಬರೆದಿಲ್ಲ. ಆಡುವಾಗಲೂ ಬಹುಶಃ ಅದನ್ನು ನೋಡುತ್ತಿಲ್ಲ.

ಚದುರಂಗದಲ್ಲಿ ಎದುರಾಳಿಯ ಕಾಯಿಗಳೆಲ್ಲ ಕಣ್ಣೆದುರೇ ಇರುತ್ತವೆ. ಪೆಸಿಫಿಕ್ ಸಾಗರದ ಕ್ಯಾರಿಯರ್ (ವಿಮಾನವಾಹಕ ನೌಕೆ) ಯುದ್ಧ ಹಾಗಲ್ಲ. ಇದು ಕಣ್ಣಾಮುಚ್ಚಾಲೆ. ನಿಮ್ಮ ಹಕ್ಕಿ ಬಿಡಬೇಕು, ನಿಮ್ಮ ಗೂಡನ್ನು ಮುಚ್ಚಿಟ್ಟುಕೊಳ್ಳಬೇಕು, ಎರಡೂ ಒಟ್ಟಿಗೇ ನಡೆಯಬೇಕು. 1942ರ ಮೇ ತಿಂಗಳಲ್ಲಿ ಕೋರಲ್ ಸಮುದ್ರದಲ್ಲಿ ಇಂಥ ಮೊದಲ ಕದನ ನಡೆಯಿತು. ಎರಡೂ ಕಡೆಯ ಹಡಗುಗಳು ಒಂದನ್ನೊಂದು ನೋಡಲೇ ಇಲ್ಲ. ನೋಡಿದ್ದು ವಿಮಾನಗಳು ಮಾತ್ರ. ಅವು ಕಂಡದ್ದನ್ನು ರೇಡಿಯೊದಲ್ಲಿ ಹೇಳಬೇಕು, ಅದು ಸರಿಯಾಗಿ ತಲುಪಬೇಕು, ತಲುಪಿದ್ದನ್ನು ಅಡ್ಮಿರಲ್ ನಂಬಬೇಕು. ಅಷ್ಟರಲ್ಲಿ ಶತ್ರು ಅಲ್ಲೇ ನಿಂತಿರುತ್ತಾನಾ?

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಪೆನ್ನು ಕಾಗದ ತಗೊಳ್ಳಿ. ಗಸ್ತು ವಿಮಾನ ಶತ್ರುವನ್ನು ಕಂಡು, ವರದಿ ನಿಮ್ಮ ಕೈ ಸೇರುವಷ್ಟರಲ್ಲಿ ಅರ್ಧ ಗಂಟೆ ಅಂತಿಟ್ಟುಕೊಳ್ಳಿ. ಡೆಕ್ ಮೇಲೆ ವಿಮಾನ ಸಾಲು ಮಾಡಿ, ಹಾರಿಸಿ, ಮೇಲೆ ಒಟ್ಟುಗೂಡಿಸುವುದಕ್ಕೆ ಒಂದು ಗಂಟೆ. ಶತ್ರು 175 ನಾಟಿಕಲ್ ಮೈಲಿ ದೂರ ಇದ್ದರೆ, ಗಂಟೆಗೆ 120 ಮೈಲಿ ವೇಗದಲ್ಲಿ ಹೋಗಲು ಹತ್ತಿರ ಒಂದೂವರೆ ಗಂಟೆ. ಒಟ್ಟು ಮೂರು ಗಂಟೆ. ಆ ಮೂರು ಗಂಟೆಯಲ್ಲಿ 25 ನಾಟ್ (ಗಂಟೆಗೆ 25 ನಾಟಿಕಲ್ ಮೈಲಿ) ವೇಗದ ಕ್ಯಾರಿಯರ್ 75 ಮೈಲಿ ಹೋಗಿರುತ್ತದೆ. ಯಾವ ದಿಕ್ಕಿಗೆ ಅಂತ ಗೊತ್ತಿಲ್ಲದಿದ್ದರೆ, 75 ಮೈಲಿ ತ್ರಿಜ್ಯದ ವೃತ್ತದಲ್ಲಿ ಎಲ್ಲಿ ಬೇಕಾದರೂ ಇರಬಹುದು. ಆ ವೃತ್ತದ ವಿಸ್ತೀರ್ಣ ಸುಮಾರು 60,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಮೂರನೇ ಒಂದು ಪಾಲಿಗೆ ಹತ್ತಿರ. ಅಷ್ಟು ಜಾಗದಲ್ಲಿ ನಾಲ್ಕು ಹಡಗು ಹುಡುಕಬೇಕು. ಮೋಡ ಬೇರೆ ಇರುತ್ತದೆ, ಇಂಧನ ಬೇರೆ ಕರಗುತ್ತಿರುತ್ತದೆ.

ನಿಮಗೆ ಖಾಲಿ ಸಮುದ್ರ ಸಿಗುವುದು ಇದಕ್ಕೇ. ವರದಿಗೆ ವಯಸ್ಸಿದೆ. ಅದು ಬಂದ ಗಳಿಗೆಯಿಂದಲೇ ಹಳಸುತ್ತಾ ಹೋಗುತ್ತದೆ. ಗೇಮ್‌ನ ನಕ್ಷೆಯಲ್ಲಿ ಒಂದು ಗುರುತು ಕಾಣಿಸಿದರೆ ನಾವು ‘ಶತ್ರು ಅಲ್ಲಿದ್ದಾನೆ’ ಅಂದುಕೊಳ್ಳುತ್ತೇವೆ. ನಿಜವಾಗಿ ಅದು ಹೇಳುವುದು ‘ಅಲ್ಲಿದ್ದ’ ಅಂತ ಅಷ್ಟೇ. ನಾನು ಈ ಗೇಮ್‌ಗಳನ್ನು ಆಡುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳುತ್ತೇನೆ. ವರದಿಯ ಸಮಯ, ದಿಕ್ಕು, ವೇಗ ಬರೆಯುತ್ತೇನೆ. ನನ್ನ ವಿಮಾನ ತಲುಪುವ ಹೊತ್ತಿಗೆ ಶತ್ರು ಎಲ್ಲಿರುತ್ತಾನೆ ಅಂತ ಲೆಕ್ಕ ಹಾಕುತ್ತೇನೆ. ಎರಡು ನಿಮಿಷದ ಕೆಲಸ. ನನ್ನ ಆಟ ಬದಲಾಗಿದ್ದು ಆ ಎರಡು ನಿಮಿಷದಿಂದ.

ಎರಡನೇ ವರದಿ ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ಬಿಂದುವಿನಿಂದ ದಿಕ್ಕು ತಿಳಿಯುವುದಿಲ್ಲ, ಎರಡು ಬಿಂದು ಇದ್ದರೆ ಗೆರೆ ಎಳೆಯಬಹುದು. ಅದಕ್ಕೇ ಶತ್ರುವನ್ನು ಕಂಡ ಗಸ್ತು ವಿಮಾನವನ್ನು ವಾಪಸ್ ಕರೆಸಬೇಡಿ. ಇಂಧನ ಇರುವವರೆಗೂ ಮೋಡದ ಮರೆಯಲ್ಲಿ ಹಿಂಬಾಲಿಸಲಿ. ಗೇಮ್ ಅದಕ್ಕೆ ಅವಕಾಶ ಕೊಡದಿದ್ದರೆ ಅದೇ ದಿಕ್ಕಿಗೆ ಇನ್ನೆರಡು ವಿಮಾನ ಕಳಿಸಿ. ಬಾಂಬು ಹಾಕುವ ಎರಡು ವಿಮಾನ ಕಡಿಮೆಯಾದರೆ ಏನೂ ನಷ್ಟವಿಲ್ಲ. ಶತ್ರು ಸಿಗದೇ ಹೋದರೆ, ಅರವತ್ತು ಕಳಿಸಿದರೂ ಅರವತ್ತೂ ವ್ಯರ್ಥ.

ವರದಿಯ ವಯಸ್ಸು ಒಂದು ಸಮಸ್ಯೆ, ವರದಿಯೇ ತಪ್ಪಿರುವುದು ಇನ್ನೊಂದು. 1942ರ ಮೇ 7ರಂದು ಕೋರಲ್ ಸಮುದ್ರದಲ್ಲಿ ಎರಡೂ ಪಕ್ಷಗಳು ಒಂದೇ ಬೆಳಿಗ್ಗೆ ಒಂದೇ ತಪ್ಪು ಮಾಡಿದವು. ಜಪಾನಿನ ಗಸ್ತು ವಿಮಾನ ‘ಒಂದು ಕ್ಯಾರಿಯರ್, ಒಂದು ಕ್ರೂಸರ್’ ಅಂತ ವರದಿ ಕೊಟ್ಟಿತು. ಶೋಕಾಕು, ಜುಯಿಕಾಕು ಎಂಬ ಎರಡು ದೊಡ್ಡ ಕ್ಯಾರಿಯರ್‌ಗಳಿಂದ 78 ವಿಮಾನ ಹೊರಟವು. ಅಲ್ಲಿ ಇದ್ದದ್ದು ನಿಯೋಶೊ ಎಂಬ ತೈಲದ ಹಡಗು, ಜೊತೆಗೆ ಸಿಮ್ಸ್ ಎಂಬ ಡೆಸ್ಟ್ರಾಯರ್. ಅದೇ ಹೊತ್ತಿಗೆ ಅಮೆರಿಕದ ಅಡ್ಮಿರಲ್ ಫ್ಲೆಚರ್‌ಗೆ ‘ಎರಡು ಕ್ಯಾರಿಯರ್, ನಾಲ್ಕು ಹೆವಿ ಕ್ರೂಸರ್’ ಅಂತ ಸುದ್ದಿ ಬಂತು. ಅವರು 93 ವಿಮಾನ ಕಳಿಸಿದರು. ಗಸ್ತು ವಿಮಾನ ಇಳಿದ ಮೇಲೆ ಗೊತ್ತಾಯಿತು, ಸಂಕೇತ ಬರೆಯುವಾಗ ತಪ್ಪಾಗಿತ್ತು, ಅಲ್ಲಿ ಕ್ಯಾರಿಯರ್ ಇರಲೇ ಇಲ್ಲ. ಫ್ಲೆಚರ್ ಬಚಾವಾದದ್ದು ದಾಳಿಯ ದಾರಿಗೆ ಹತ್ತಿರದಲ್ಲೇ ಶೋಹೊ ಎಂಬ ಚಿಕ್ಕ ಕ್ಯಾರಿಯರ್ ಸಿಕ್ಕಿದ್ದರಿಂದ. ಎರಡು ಕ್ಯಾರಿಯರ್‌ಗಳ ವಿಮಾನಗಳೂ ಅದೊಂದರ ಮೇಲೆ ಬಿದ್ದವು. ಹತ್ತಕ್ಕೂ ಹೆಚ್ಚು ಬಾಂಬು, ಅರ್ಧ ಡಜನ್‌ಗೂ ಹೆಚ್ಚು ಟಾರ್ಪೆಡೊ (ನೀರೊಳಗೆ ಓಡಿ ಹಡಗಿಗೆ ಬಡಿಯುವ ಸಿಡಿಗುಂಡು) ತಗುಲಿದವು. ಅಷ್ಟು ಹೊತ್ತೂ ನಿಜವಾದ ಅಪಾಯವಾಗಿದ್ದ ಶೋಕಾಕು, ಜುಯಿಕಾಕು ಎಲ್ಲಿವೆ ಅಂತ ಅಮೆರಿಕಕ್ಕೆ ಗೊತ್ತಿರಲಿಲ್ಲ. ಅವುಗಳ ವಿಮಾನಗಳೂ ತೈಲದ ಹಡಗಿನ ಮೇಲೆ ಹೋಗಿದ್ದವಲ್ಲ, ಅದೇ ಪುಣ್ಯ.

ಮೂರು ತಿಂಗಳ ನಂತರ ಆಗಸ್ಟ್ 24ರಂದು ಪೂರ್ವ ಸೊಲೊಮನ್ಸ್ ಕದನದಲ್ಲಿ ಫ್ಲೆಚರ್ ಮತ್ತೆ ಅದೇ ಸಂಕಟಕ್ಕೆ ಸಿಕ್ಕರು. ರ್ಯುಜೊ ಎಂಬ ಚಿಕ್ಕ ಕ್ಯಾರಿಯರ್ ಕಂಡಿತು, ಸಾರಾಟೊಗಾ ನೌಕೆಯಿಂದ 38 ವಿಮಾನ ಕಳಿಸಿದರು. ಅವು ಹೋದ ಮೇಲೆ ದೊಡ್ಡ ಎರಡು ಕ್ಯಾರಿಯರ್‌ಗಳ ಸುಳಿವು ಸಿಕ್ಕಿತು. ದಾರಿ ಬದಲಿಸಲು ರೇಡಿಯೊದಲ್ಲಿ ಕರೆದರು, ಸಂಪರ್ಕ ಸಿಗಲಿಲ್ಲ. ರ್ಯುಜೊ ಮುಳುಗಿತು. ಸಂಜೆ ಅಮೆರಿಕದ ಇನ್ನೊಂದು ಕ್ಯಾರಿಯರ್ ಎಂಟರ್‌ಪ್ರೈಸ್‌ಗೆ ಮೂರು ಬಾಂಬು ಬಿದ್ದವು. ಅದೇ ರ್ಯುಜೊ ಆ ವರ್ಷ ಏಪ್ರಿಲ್ 6ರಂದು ನಮ್ಮ ಬಂಗಾಳ ಕೊಲ್ಲಿಯಲ್ಲಿತ್ತು. ಅದರ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದ್ದವು. ಪೆಸಿಫಿಕ್ ಯುದ್ಧ ನಮಗೆ ಅಷ್ಟೇನೂ ದೂರದ್ದಾಗಿರಲಿಲ್ಲ.

ಹಾಗಾಗಿ ‘ಎಲ್ಲ ವಿಮಾನ’ ಅನ್ನುವ ಅಭ್ಯಾಸ ಬಿಡಿ. ವರದಿಯಲ್ಲಿ ‘ಕ್ಯಾರಿಯರ್’ ಅಂತ ಇದ್ದರೂ ಒಂದೇ ವರದಿಯಾದರೆ ಅರ್ಧ ಕೈಯಲ್ಲಿರಲಿ. ಮಿಡ್‌ವೇಯಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ನೀವು ಹುಡುಕಬೇಕಾದ್ದು ನಾಲ್ಕು ಕ್ಯಾರಿಯರ್: ಅಕಾಗಿ, ಕಾಗಾ, ಸೊರ್ಯು, ಹಿರ್ಯು. ಜೂನ್ 4ರ ಬೆಳಿಗ್ಗೆ ಮಿಡ್‌ವೇ ದ್ವೀಪದಿಂದ ಹೊರಟ ಕ್ಯಾಟಲಿನಾ ಗಸ್ತು ವಿಮಾನಗಳು ಶತ್ರುವನ್ನು ಕಂಡಾಗ ವರದಿಯಲ್ಲಿ ಹೇಳಿದ್ದು ಎರಡು ಕ್ಯಾರಿಯರ್ ಅಂತ ಮಾತ್ರ. ಸ್ಥಳವೂ ಹತ್ತಿರ ನಲವತ್ತು ಮೈಲಿ ತಪ್ಪಿತ್ತು. ಉಳಿದ ಎರಡು ಎಲ್ಲಿ ಅನ್ನುವ ಚಿಂತೆಯಿಂದಲೇ ಫ್ಲೆಚರ್ ತಮ್ಮ ಯಾರ್ಕ್‌ಟೌನ್ ನೌಕೆಯ ವಿಮಾನಗಳನ್ನು ಕೆಲ ಹೊತ್ತು ಹಿಡಿದಿಟ್ಟರು. ಎಂಟೂವರೆ ದಾಟಿದ ಮೇಲೆ ಕಳಿಸಿದರು, ಆಗಲೂ ಒಂದು ದಳವನ್ನು ಉಳಿಸಿಕೊಂಡರು. ಕೋರಲ್ ಸಮುದ್ರದಲ್ಲಿ ಕಲಿತ ಪಾಠ ಅದು. ಆ ನಿರ್ಧಾರಕ್ಕೆ ಫ್ಲೆಚರ್‌ಗೆ ಸಿಗಬೇಕಾದಷ್ಟು ಮೆಚ್ಚುಗೆ ಸಿಕ್ಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ವಿಮಾನಗಳು ಹೋಗಿ ಏನೂ ಸಿಗದಿದ್ದಾಗ ಏನು ಮಾಡಬೇಕು? ಎಂಟರ್‌ಪ್ರೈಸ್‌ನ ವಿಮಾನ ದಳದ ನಾಯಕ ಮೆಕ್ಲಸ್ಕಿಗೆ ಅವತ್ತು ನಿಮ್ಮ ಹಾಗೇ ಆಯಿತು. ಸುಮಾರು 09:20ಕ್ಕೆ ಹೇಳಿದ ಜಾಗ ತಲುಪಿದರು. ಬರೀ ನೀರು. ಜಪಾನಿನ ಕ್ಯಾರಿಯರ್‌ಗಳ ಅಡ್ಮಿರಲ್ ನಗುಮೊ ಅಷ್ಟರಲ್ಲಿ ಉತ್ತರಕ್ಕೆ ತಿರುಗಿದ್ದರು. ಇಂಧನ ಕಮ್ಮಿಯಿತ್ತು. ಮೆಕ್ಲಸ್ಕಿ ಇನ್ನೂ ಸ್ವಲ್ಪ ಮುಂದೆ ಹೋಗಿ, ಆಮೇಲೆ ವಾಯವ್ಯಕ್ಕೆ ತಿರುಗಿದರು. ಶತ್ರು ಮಿಡ್‌ವೇಗೆ ಇನ್ನೂ ಹತ್ತಿರ ಹೋಗಿರಲು ಸಾಧ್ಯವಿಲ್ಲ, ಹಿಂದೆ ಸರಿದಿರಬೇಕು ಅನ್ನುವ ಲೆಕ್ಕ. 09:55ರ ಹೊತ್ತಿಗೆ ಕೆಳಗೆ ಒಂದೇ ಒಂದು ಡೆಸ್ಟ್ರಾಯರ್ ಭಾರಿ ವೇಗದಲ್ಲಿ ಓಡುತ್ತಿರುವುದು ಕಂಡಿತು. ಅದು ಅರಾಶಿ. ನಾಟಿಲಸ್ ಎಂಬ ಅಮೆರಿಕನ್ ಸಬ್‌ಮೆರೀನನ್ನು ಅಟ್ಟಾಡಿಸಿ, ತನ್ನ ಗುಂಪು ಸೇರಿಕೊಳ್ಳಲು ಹೋಗುತ್ತಿತ್ತು. ಮೆಕ್ಲಸ್ಕಿ ಅದರ ಜಾಡು ಹಿಡಿದರು. ಅದು ನೇರ ಕ್ಯಾರಿಯರ್‌ಗಳ ಹತ್ತಿರ ಕರೆದೊಯ್ಯಿತು. ಇದನ್ನು ಅದೃಷ್ಟ ಅನ್ನುವವರಿದ್ದಾರೆ. ಅರಾಶಿ ಕಂಡದ್ದು ಅದೃಷ್ಟವೇ. ಆದರೆ ಸರಿಯಾದ ಕಡೆ ಹುಡುಕುತ್ತಿದ್ದವರಿಗೇ ಅದು ಕಂಡಿತು. ಅದೇ ಬೆಳಿಗ್ಗೆ ಹಾರ್ನೆಟ್ ನೌಕೆಯ ಡೈವ್ ಬಾಂಬರ್‌ಗಳಿಗೆ (ಮೇಲಿಂದ ನೇರ ಎರಗಿ ಬಾಂಬು ಹಾಕುವ ವಿಮಾನಗಳಿಗೆ) ಶತ್ರು ಸಿಗಲೇ ಇಲ್ಲ, ಜೊತೆಗಿದ್ದ ಹತ್ತು ಫೈಟರ್‌ಗಳೂ ಇಂಧನ ಮುಗಿದು ಸಮುದ್ರಕ್ಕೆ ಬಿದ್ದವು.

ಗೇಮ್‌ನಲ್ಲಿ ಇದನ್ನು ಬಳಸಿಕೊಳ್ಳುವುದು ಹೀಗೆ. ದಾಳಿಯನ್ನು ವಿಮಾನಗಳ ಗರಿಷ್ಠ ವ್ಯಾಪ್ತಿಯ ತುದಿಯಿಂದ ಕಳಿಸಬೇಡಿ. 1942ರಲ್ಲಿ ಅಮೆರಿಕದ ಡಾಂಟ್‌ಲೆಸ್ ಡೈವ್ ಬಾಂಬರ್ 200 ಮೈಲಿ ದಾಟಿ ಹೋಗಿ ಬರಬಲ್ಲದು. ಹಳೆಯ ಡೆವಾಸ್ಟೇಟರ್ ಟಾರ್ಪೆಡೊ ವಿಮಾನಕ್ಕೆ 150 ದಾಟಿದರೆ ಕಷ್ಟ. ಜಪಾನಿನ ವಿಮಾನಗಳು ಇನ್ನೂ ದೂರದಿಂದ ಹೊಡೆಯಬಲ್ಲವು. ಅಮೆರಿಕದ ಕಡೆ ಆಡುವವರು 150 ಮೈಲಿಯ ಒಳಗೆ ಬಂದು ಕಳಿಸಿದರೆ, ಶತ್ರು ಸಿಗದಿದ್ದರೂ ಅರ್ಧ ಗಂಟೆ ಹುಡುಕುವಷ್ಟು ಇಂಧನ ಉಳಿಯುತ್ತದೆ. ಆ ಅರ್ಧ ಗಂಟೆಯೇ ಮೆಕ್ಲಸ್ಕಿಯ ಕೈಯಲ್ಲಿದ್ದದ್ದು. ಇನ್ನೊಂದು ಮಾತು, ವಿಮಾನ ವಾಪಸ್ ಬರುವ ಜಾಗದಲ್ಲಿ ನಿಮ್ಮ ನೌಕೆ ಇರಬೇಕು. ಎಂಟರ್‌ಪ್ರೈಸ್ ಅವತ್ತು ಪೈಲಟ್‌ಗಳು ಅಂದುಕೊಂಡ ಜಾಗದಲ್ಲಿ ಇರಲಿಲ್ಲ, ಗೆದ್ದು ಬಂದ ಎಷ್ಟೋ ವಿಮಾನಗಳು ಹಡಗು ಹುಡುಕುತ್ತಲೇ ನೀರಿಗಿಳಿದವು. ದಾಳಿ ಕಳಿಸಿದ ಮೇಲೆ ಹೆದರಿ ಹಿಂದೆ ಓಡುವುದು ಹೊಸಬರೆಲ್ಲ ಮಾಡುವ ತಪ್ಪು. ಗಾಳಿಯನ್ನೂ ಗಮನಿಸಿ. ಹಾರಿಸಲು, ಇಳಿಸಲು ನೌಕೆ ಗಾಳಿಗೆ ಎದುರಾಗಿ ಓಡಬೇಕು. ಜೂನ್ 4ರಂದು ಗಾಳಿ ಆಗ್ನೇಯದಿಂದ, ಅದೂ ಮಂದವಾಗಿ ಬೀಸುತ್ತಿತ್ತು. ಹಾಗಾಗಿ ಅಮೆರಿಕದ ನೌಕೆಗಳು ಪ್ರತಿ ಸಲ ವಿಮಾನ ಹಾರಿಸುವಾಗಲೂ ಶತ್ರುವಿಗೆ ಬೆನ್ನು ಹಾಕಿ ಜೋರಾಗಿ ಓಡಬೇಕಾಗಿತ್ತು. ನಿಮ್ಮ ಗೇಮ್‌ನಲ್ಲಿ ಗಾಳಿಯ ದಿಕ್ಕು ತೋರಿಸುತ್ತಿದ್ದರೆ, ಶತ್ರುವಿನ ಕಡೆ ಹೋಗುತ್ತಲೇ ವಿಮಾನ ಹಾರಿಸಬಹುದಾದ ಬದಿಯಲ್ಲಿ ಮೊದಲೇ ಹೋಗಿ ನಿಲ್ಲಿ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಡೆಕ್. ಕ್ಯಾರಿಯರ್ ಅಂದರೆ ನಮಗೆ ವಿಮಾನಗಳ ಸಂಖ್ಯೆ ಕಾಣುತ್ತದೆ. ಆದರೆ ನೌಕೆಗೆ ಇರುವುದು ಒಂದೇ ಡೆಕ್. ಆ ಒಂದೇ ಡೆಕ್‌ನಿಂದ ಹಾರಿಸಬೇಕು, ಅದರ ಮೇಲೇ ಇಳಿಸಬೇಕು, ಫೈಟರ್‌ಗಳಿಗೆ ಇಂಧನ, ಗುಂಡು ತುಂಬಿ ಮತ್ತೆ ಕಳಿಸಬೇಕು. ಒಂದು ನಡೆಯುವಾಗ ಇನ್ನೊಂದು ನಿಲ್ಲುತ್ತದೆ. ಈ ಗೇಮ್‌ಗಳಲ್ಲಿ ಸೋಲು ಗೆಲುವು ನಿಂತಿರುವುದು ಡೆಕ್‌ನ ಗಡಿಯಾರದ ಮೇಲೆ ಅಂತ ನಾನು ನಂಬಿದ್ದೇನೆ.

ನಗುಮೊ ಅವರ ಬೆಳಿಗ್ಗೆಯನ್ನೇ ನೋಡಿ. 04:30ಕ್ಕೆ 108 ವಿಮಾನ ಮಿಡ್‌ವೇ ದ್ವೀಪದ ಮೇಲೆ ಹೋದವು. ಉಳಿದರ್ಧ ವಿಮಾನಗಳನ್ನು, ಹಡಗು ಸಿಕ್ಕರೆ ಇರಲಿ ಅಂತ, ಹಲವಕ್ಕೆ ಟಾರ್ಪೆಡೊ ಹಾಕಿ, ಡೆಕ್ ಕೆಳಗಿನ ಹ್ಯಾಂಗರ್‌ನಲ್ಲಿ ಇಟ್ಟುಕೊಂಡಿದ್ದರು. 07:00ಕ್ಕೆ ದಾಳಿಯ ನಾಯಕ ತೊಮೊನಾಗಾ ‘ಇನ್ನೊಂದು ದಾಳಿ ಬೇಕು’ ಅಂತ ತಿಳಿಸಿದರು. 07:15ಕ್ಕೆ ನಗುಮೊ ಟಾರ್ಪೆಡೊ ತೆಗೆದು ನೆಲದ ಬಾಂಬು ಹಾಕಲು ಹೇಳಿದರು. 07:28ಕ್ಕೆ ತೋನೆ ಎಂಬ ಕ್ರೂಸರ್‌ನ ಗಸ್ತು ವಿಮಾನದಿಂದ ‘ಹತ್ತು ಹಡಗು’ ಅಂತ ಸುದ್ದಿ ಬಂತು. ಆ ವಿಮಾನ ಹೊರಟದ್ದೇ ಅರ್ಧ ಗಂಟೆ ತಡವಾಗಿ. ಕ್ಯಾರಿಯರ್ ಇದೆ ಅಂತ ಅದು ಹೇಳಿದ್ದು 08:20ಕ್ಕೆ. ಅಷ್ಟರಲ್ಲಿ ಮಿಡ್‌ವೇಯಿಂದ ಮರಳಿದ ವಿಮಾನಗಳು ಇಂಧನ ಮುಗಿಯುತ್ತಾ ಮೇಲೆ ಸುತ್ತುತ್ತಿದ್ದವು. ಹಿರ್ಯುವಿನಲ್ಲಿದ್ದ ಅಡ್ಮಿರಲ್ ಯಾಮಾಗುಚಿ ಇದ್ದ ವಿಮಾನ ತಕ್ಷಣ ಕಳಿಸಿ ಅಂದರು. ನಗುಮೊ ಮೊದಲು ಇಳಿಸಿಕೊಳ್ಳೋಣ, ಸರಿಯಾಗಿ ಸಜ್ಜಾಗಿ ಒಟ್ಟಿಗೆ ಹೊಡೆಯೋಣ ಅಂದರು.

ಪುಸ್ತಕದಲ್ಲಿ ಓದಿದಾಗ ನಗುಮೊ ದಡ್ಡತನ ಮಾಡಿದರು ಅನ್ನಿಸುತ್ತದೆ. ಜಪಾನಿನ ಕಡೆಯಿಂದ ಒಂದು ಸಲ ಆಡಿ ನೋಡಿ. ಹಾಗೆ ಅನ್ನಿಸುವುದಿಲ್ಲ. ಬೆಳಿಗ್ಗೆ ಏಳರಿಂದ ಮಿಡ್‌ವೇಯ ವಿಮಾನಗಳು ಗುಂಪು ಗುಂಪಾಗಿ ಬಂದು ದಾಳಿ ಮಾಡುತ್ತಿದ್ದವು. ಒಂದೂ ಬಾಂಬು ತಗುಲಲಿಲ್ಲ, ನಿಜ. ಆದರೆ ಪ್ರತಿ ಸಲ ಹಡಗುಗಳು ಅಡ್ಡಾದಿಡ್ಡಿ ತಿರುಗಬೇಕು, ಫೈಟರ್‌ಗಳು ಮೇಲೇರಬೇಕು. ಜಪಾನಿನ ಫೈಟರ್ ಆದ ಝೀರೊ ವಿಮಾನದ ದೊಡ್ಡ ಗನ್‌ಗೆ ಇದ್ದದ್ದು ತಲಾ 60 ಗುಂಡು. ಅದು ಬೇಗ ಮುಗಿಯುತ್ತದೆ, ಇಳಿಸಿ ತುಂಬಿಸಬೇಕು. ಡೆಕ್ ಬಿಡುವಾಗುವುದೇ ಇಲ್ಲ. ಆಮೇಲೆ ಅಮೆರಿಕದ ಕ್ಯಾರಿಯರ್‌ಗಳ ಟಾರ್ಪೆಡೊ ವಿಮಾನಗಳು ಬಂದವು. ಹಾರ್ನೆಟ್‌ನ ಹದಿನೈದಕ್ಕೆ ಹದಿನೈದೂ ಹೋದವು, ಬದುಕಿದ್ದು ಒಬ್ಬರೇ. ಆ ಯುವಕರ ಬಗ್ಗೆ ಓದಿದಾಗಲೆಲ್ಲ ಮನಸ್ಸು ಭಾರವಾಗುತ್ತದೆ. ಅವರು ಝೀರೊಗಳನ್ನು ಕೆಳಕ್ಕೆಳೆದರು, ಅದರಿಂದ ಡೈವ್ ಬಾಂಬರ್‌ಗಳಿಗೆ ದಾರಿ ಸಿಕ್ಕಿತು ಅಂತ ಹೇಳುತ್ತಾರೆ. ಅದಕ್ಕಿಂತ ದೊಡ್ಡದನ್ನು ಅವರು ಮಾಡಿದರು. ಜಪಾನಿನ ಡೆಕ್‌ಗಳನ್ನು ಮೂರು ಗಂಟೆ ಕಾಲ ಬಿಡುವಿಲ್ಲದಂತೆ ಇಟ್ಟರಲ್ಲ, ಮಿಡ್‌ವೇಯವರೂ ಅವರೂ ಸೇರಿ, ಅದರಿಂದ ನಗುಮೊಗೆ ತಮ್ಮ ದಾಳಿಯನ್ನು ಡೆಕ್ ಮೇಲೆ ಸಾಲು ಮಾಡಲು ಪುರುಸೊತ್ತೇ ಸಿಗಲಿಲ್ಲ. 10:20 ಕಳೆದ ಕೆಲವೇ ನಿಮಿಷಗಳಲ್ಲಿ ಎಂಟರ್‌ಪ್ರೈಸ್ ಮತ್ತು ಯಾರ್ಕ್‌ಟೌನ್‌ನ ಡೈವ್ ಬಾಂಬರ್‌ಗಳು ಅಕಾಗಿ, ಕಾಗಾ, ಸೊರ್ಯುಗಳನ್ನು ಹೊಡೆದವು.

ಇನ್ನೂ ಆಶ್ಚರ್ಯದ ವಿಷಯ ಇದೆ. ಎರಡು ತಿಂಗಳ ಹಿಂದೆಯೇ, ಏಪ್ರಿಲ್ 5ರಂದು, ಇದೇ ನಗುಮೊ ಕೊಲಂಬೊ ಮೇಲೆ ದಾಳಿ ಮಾಡಿದ್ದರು. ಆಗಲೂ ಎರಡನೇ ದಾಳಿಗೆ ಬಾಂಬು ಬದಲಿಸುತ್ತಿರುವಾಗಲೇ ಬ್ರಿಟಿಷ್ ಕ್ರೂಸರ್‌ಗಳು ಕಂಡ ಸುದ್ದಿ ಬಂದಿತ್ತು. ಏಪ್ರಿಲ್ 9ರಂದು ಸಿಂಹಳದಿಂದ ಹೊರಟ ಒಂಬತ್ತು ಬ್ಲೆನ್‌ಹೈಮ್ ಬಾಂಬರ್‌ಗಳು ಯಾರ ಕಣ್ಣಿಗೂ ಬೀಳದೆ ಬಂದು ಅಕಾಗಿಯ ಪಕ್ಕದಲ್ಲೇ ಬಾಂಬು ಬೀಳಿಸಿದ್ದವು. ಜಪಾನಿನ ಆ ಕ್ಯಾರಿಯರ್‌ಗಳಲ್ಲಿ ರಾಡಾರ್ ಇರಲಿಲ್ಲ. ಎರಡೂ ಎಚ್ಚರಿಕೆಗಳು ಹಿಂದೂ ಮಹಾಸಾಗರದಲ್ಲೇ ಸಿಕ್ಕಿದ್ದವು, ಗೆಲುವಿನ ಗದ್ದಲದಲ್ಲಿ ಯಾರೂ ಕಿವಿಗೊಡಲಿಲ್ಲ.

ಇದನ್ನು ನಿಮ್ಮ ಆಟಕ್ಕೆ ತಂದರೆ ಏನಾಗುತ್ತದೆ? ಮೊದಲನೆಯದು, ಮಿಡ್‌ವೇ ದ್ವೀಪದ ವಿಮಾನಗಳನ್ನು ಸುಮ್ನೆ ಕೂರಿಸಬೇಡಿ. ಅವುಗಳಿಂದ ಹಡಗು ಮುಳುಗದಿರಬಹುದು. ಎದುರಾಳಿಯ ಹೊತ್ತು ತಿನ್ನುವುದಂತೂ ಖಂಡಿತ. ಎರಡನೆಯದು, ನಿಮ್ಮ ಡೆಕ್ ಬಿಡುವಾಗಿರುವ ಗಳಿಗೆಯನ್ನು ಉಳಿಸಿಕೊಳ್ಳಿ. ಗಸ್ತಿಗೆ, ಕಾವಲಿಗೆ, ದಾಳಿಗೆ ಮೂರಕ್ಕೂ ಒಂದೇ ಕ್ಯಾರಿಯರ್ ಬಳಸಬೇಡಿ. ನಿಮಗೆ ಮೂರು ಕ್ಯಾರಿಯರ್ ಇವೆ. ಯಾರ್ಕ್‌ಟೌನ್‌ಗೆ ಹುಡುಕಾಟ ಮತ್ತು ಕಾವಲು ಕೊಡಿ. ಎಂಟರ್‌ಪ್ರೈಸ್, ಹಾರ್ನೆಟ್ ದಾಳಿಗೆ ಸಜ್ಜಾಗಿ ಕಾಯಲಿ. ಅವತ್ತು ಅಮೆರಿಕದವರು ಹೆಚ್ಚುಕಮ್ಮಿ ಹಾಗೇ ಮಾಡಿದ್ದರು.

ಎಲ್ಲ ದಳಗಳೂ ಒಟ್ಟಿಗೆ ಹೋಗಬೇಕಾ ಅಂತ ಮುಂದೆ ಕೇಳುತ್ತೀರಿ. ಒಟ್ಟಿಗೆ ಹೋದರೆ ಒಳ್ಳೆಯದು, ಅದಕ್ಕಾಗಿ ಕಾಯುವುದು ಕೆಟ್ಟದ್ದು. 07:00ರಿಂದ ಹಾರಿಸಲು ಶುರು ಮಾಡಿದ, ಎಂಟರ್‌ಪ್ರೈಸ್, ಹಾರ್ನೆಟ್‌ಗಳ ಅಡ್ಮಿರಲ್ ಸ್ಪ್ರೂಯನ್ಸ್ 07:45ಕ್ಕೆ ಬೇಸತ್ತು, ಮೇಲೆ ಸುತ್ತುತ್ತಿದ್ದ ಮೆಕ್ಲಸ್ಕಿಗೆ ‘ಇದ್ದವರು ಹೊರಡಿ’ ಅಂತ ಹೇಳಿಕಳಿಸಿದರು. ಆ ಅಪ್ಪಣೆಯಿಂದ ದಾಳಿ ಚೂರುಚೂರಾಯಿತು, ಕದನವನ್ನು ಗೆಲ್ಲಿಸಿದ್ದೂ ಅದೇ. ‘ವಾರ್ ಇನ್ ದ ಪೆಸಿಫಿಕ್’ನಂಥ ದೊಡ್ಡ ಗೇಮ್‌ನಲ್ಲೂ, 1942ರಲ್ಲಿ ಒಂದೇ ಗುಂಪಿಗೆ ಜಾಸ್ತಿ ಕ್ಯಾರಿಯರ್ ಸೇರಿಸಿದರೆ ದಾಳಿ ಒಟ್ಟಿಗೆ ಹೋಗದೆ ಒಡೆಯುವ ಸಾಧ್ಯತೆ ಹೆಚ್ಚುತ್ತದೆ. ಕ್ಯಾರಿಯರ್‌ಗಳನ್ನು ಬೇರೆ ಬೇರೆ ಗುಂಪು ಮಾಡಿ ಹತ್ತಿರದಲ್ಲೇ ಇಡುವುದನ್ನು ಅಲ್ಲಿ ಆಡುವವರು ಬೇಗ ಕಲಿಯುತ್ತಾರೆ. ಬೇರೆ ಇಡುವುದರಿಂದ ಇನ್ನೊಂದು ಲಾಭ, ಶತ್ರುವಿಗೆ ಒಂದು ಗುಂಪು ಸಿಕ್ಕರೂ ಇನ್ನೊಂದು ಉಳಿಯುತ್ತದೆ. ಮಿಡ್‌ವೇಯಲ್ಲಿ ಹಿರ್ಯುವಿನ ವಿಮಾನಗಳು ಎರಡು ಸಲ ಬಂದವು, ಎರಡು ಸಲವೂ ಯಾರ್ಕ್‌ಟೌನ್ ಮೇಲೇ ಬಿದ್ದವು. ಮೊದಲ ಸಲದ ಬೆಂಕಿ ಆರಿಸಿ ನೌಕೆ ಮತ್ತೆ ಓಡುತ್ತಿದ್ದುದರಿಂದ ಇದು ಬೇರೆ ಕ್ಯಾರಿಯರ್ ಅಂತಲೇ ಅವರು ತಿಳಿದರು. ಎಂಟರ್‌ಪ್ರೈಸ್, ಹಾರ್ನೆಟ್‌ಗಳಿಗೆ ಗೀರೂ ಬೀಳಲಿಲ್ಲ.

ಕಾವಲಿನ ಬಗ್ಗೆ ಎರಡೇ ಮಾತು. ಫೈಟರ್‌ಗಳನ್ನು ಎತ್ತರದಲ್ಲಿ ಇಡಿ, ಎಲ್ಲವನ್ನೂ ಒಂದೇ ಎತ್ತರಕ್ಕೆ ಹಾಕಬೇಡಿ. ಕೋರಲ್ ಸಮುದ್ರದಲ್ಲಿ ಮೇ 8ರಂದು ಅಮೆರಿಕದ ಲೆಕ್ಸಿಂಗ್ಟನ್ ನೌಕೆಯ ರಾಡಾರ್ ಸುಮಾರು 70 ಮೈಲಿ ದೂರದಲ್ಲೇ ಶತ್ರುವನ್ನು ಹಿಡಿದಿತ್ತು. ಫೈಟರ್‌ಗಳು ತೀರಾ ಕೆಳಗಿದ್ದವು, ಮೇಲೇರುವಷ್ಟರಲ್ಲಿ ಹೊತ್ತು ಮೀರಿತ್ತು. ಆ ನೌಕೆ ಟಾರ್ಪೆಡೊ ಪೆಟ್ಟು ತಾಳಿಕೊಂಡಿತು, ಸೋರಿದ ಪೆಟ್ರೋಲ್ ಆವಿ ಹೊತ್ತಿಕೊಂಡು ಸಂಜೆ ಮುಳುಗಿತು. ಇನ್ನು ಮಳೆ ಮೋಡ ನಕ್ಷೆಯಲ್ಲಿ ಕಂಡರೆ ಅದರೊಳಗೆ ನುಸುಳಿ. ಅದೇ ದಿನ ಶೋಕಾಕುವಿಗೆ ಮೂರು ಬಾಂಬು ಬಿದ್ದವು. ಸ್ವಲ್ಪವೇ ದೂರದಲ್ಲಿದ್ದ ಜುಯಿಕಾಕು ಮಳೆಯೊಳಗೆ ಹೊಕ್ಕು ಪೂರ್ತಿ ಪಾರಾಯಿತು.

ಪೈಲಟ್‌ಗಳನ್ನು ಸಂಖ್ಯೆ ಅಂತ ನೋಡಬೇಡಿ. ಆ ಜುಯಿಕಾಕು ಹಡಗಿಗೆ ಏನೂ ಆಗದಿದ್ದರೂ ಮಿಡ್‌ವೇಗೆ ಹೋಗಲಾಗಲಿಲ್ಲ, ಹಾರಿಸುವವರು ಸಾಲದೆ. ಅಮೆರಿಕ ಮಾತ್ರ ತಿಂಗಳುಗಟ್ಟಲೆ ರಿಪೇರಿ ಬೇಕಾಗಿದ್ದ ಯಾರ್ಕ್‌ಟೌನನ್ನು ಪರ್ಲ್ ಹಾರ್ಬರ್‌ನಲ್ಲಿ ಮೂರೇ ದಿನದಲ್ಲಿ ಸಜ್ಜು ಮಾಡಿ, ಬೇರೆ ನೌಕೆಯ ದಳಗಳನ್ನು ಸೇರಿಸಿ ಕಳಿಸಿತು. ಅಕ್ಟೋಬರ್ 26ರ ಸಾಂತಾ ಕ್ರೂಜ್ ಕದನದಲ್ಲಿ ಜಪಾನ್ ಹಾರ್ನೆಟ್ ನೌಕೆಯನ್ನು ಮುಳುಗಿಸಿ ಗೆದ್ದಿತು. ಆದರೆ ಆ ಗೆಲುವಿನಲ್ಲಿ ಮಡಿದ ಅದರ ವಿಮಾನ ಸಿಬ್ಬಂದಿ, ಮಿಡ್‌ವೇ ಸೋಲಿನಲ್ಲಿ ಮಡಿದವರಿಗಿಂತ ಜಾಸ್ತಿ. ಒಂದೇ ಕದನದ ಆಟದಲ್ಲಿ ಇದು ನಿಮಗೆ ತಟ್ಟುವುದಿಲ್ಲ. ಪೂರ್ತಿ ಯುದ್ಧ ಆಡುವ ಗೇಮ್‌ಗೆ ಹೋದಾಗ ತಟ್ಟುತ್ತದೆ.

ಕೊನೆಗೆ ನಿಮ್ಮ ಸಂಜೆಯ ಪ್ರಶ್ನೆ. ಇದಕ್ಕೆ ಮೂರು ಸಂಜೆಗಳನ್ನು ಹೇಳುತ್ತೇನೆ. 1942ರ ಮೇ 7ರ ಸಂಜೆ ಜಪಾನ್ 27 ಒಳ್ಳೊಳ್ಳೆಯ ಸಿಬ್ಬಂದಿಯ ವಿಮಾನಗಳನ್ನು ಅಂದಾಜಿನ ಮೇಲೆ ಕಳಿಸಿತು. ಹಗಲಿನ ತಪ್ಪನ್ನು ಸಂಜೆಗೆ ಸರಿಪಡಿಸುವ ಆತುರ. ಅವು ಗುರಿ ಕಾಣಲಿಲ್ಲ. ಹಲವು ಅಮೆರಿಕದ ಫೈಟರ್‌ಗಳಿಗೆ ಸಿಕ್ಕಿಬಿದ್ದವು. ಕತ್ತಲಲ್ಲಿ ಕೆಲವು ಯಾರ್ಕ್‌ಟೌನನ್ನೇ ತಮ್ಮ ನೌಕೆ ಅಂದುಕೊಂಡು ಇಳಿಯಲು ಬಂದವು. 1944ರ ಜೂನ್ 20ರ ಸಂಜೆ ಫಿಲಿಪ್ಪೀನ್ ಸಮುದ್ರದಲ್ಲಿ ಅಡ್ಮಿರಲ್ ಮಿಷರ್ 216 ವಿಮಾನಗಳನ್ನು ಗರಿಷ್ಠ ದೂರಕ್ಕೆ ಕಳಿಸಿದರು. ಹಿಯೋ ಎಂಬ ಕ್ಯಾರಿಯರ್ ಮುಳುಗಿತು. ಶತ್ರುವಿನಿಂದ ಹೋದದ್ದು ಸುಮಾರು 20 ವಿಮಾನ, ರಾತ್ರಿ ಹಿಂತಿರುಗುವಾಗ ಇಂಧನ ಮುಗಿದು, ಇಳಿಯುವಾಗ ಬಿದ್ದು ಹೋದದ್ದು ಸುಮಾರು 80. ಸಬ್‌ಮೆರೀನ್ ಭಯ ಇದ್ದರೂ ಮಿಷರ್ ಹಡಗುಗಳ ದೀಪ ಹಚ್ಚಿಸಿದರು. ಅದರಿಂದ ಎಷ್ಟೋ ಜನ ಬದುಕಿದರು.

ಮೂರನೆಯದು ಮಿಡ್‌ವೇಯದೇ. ಮೂರು ಕ್ಯಾರಿಯರ್ ಉರಿಯುತ್ತಿದ್ದರೂ ಫ್ಲೆಚರ್ ಹುಡುಕಾಟ ನಿಲ್ಲಿಸಲಿಲ್ಲ. 11:30ರ ಹೊತ್ತಿಗೆ ಹತ್ತು ಡಾಂಟ್‌ಲೆಸ್‌ಗಳನ್ನು ಬರೀ ಹಿರ್ಯು ಹುಡುಕಲು ಕಳಿಸಿದರು. ಅವರಿಗೆ ಅದು ಸಿಕ್ಕಿದ್ದು ಮಧ್ಯಾಹ್ನ 14:45ರ ಸುಮಾರಿಗೆ. ದೂರ ನೂರು ಮೈಲಿ ಚಿಲ್ಲರೆ. ಗುರಿ ಏನು, ಎಲ್ಲಿದೆ, ಯಾವ ಕಡೆ ಹೋಗುತ್ತಿದೆ, ಎಲ್ಲವೂ ಆ ವರದಿಯಲ್ಲಿತ್ತು. 15:30ಕ್ಕೆ ಎಂಟರ್‌ಪ್ರೈಸ್‌ನಿಂದ ಎರಡು ಡಜನ್ ಡೈವ್ ಬಾಂಬರ್‌ಗಳು, ಫೈಟರ್‌ಗಳ ಕಾವಲೂ ಇಲ್ಲದೆ, ಹೊರಟವು. ಐದು ಗಂಟೆಗೆ ಹಿರ್ಯುವಿಗೆ ನಾಲ್ಕು ಬಾಂಬು ಬಿದ್ದವು.

ಹಾಗಾಗಿ ಸಂಜೆ ವರದಿ ಬಂದಾಗ ಗಡಿಯಾರ ನೋಡಿ. ಕತ್ತಲಾಗಲು ಎಷ್ಟು ಹೊತ್ತಿದೆ, ಹೋಗಿ ಬರಲು ಎಷ್ಟು ಹೊತ್ತು ಬೇಕು, ವರದಿಗೆ ಎಷ್ಟು ವಯಸ್ಸಾಗಿದೆ ಅಂತ ಬರೆದುಕೊಳ್ಳಿ. ಹಿರ್ಯುವಿನ ಸಂಜೆಯಂತಿದ್ದರೆ ಇದ್ದಷ್ಟು ವಿಮಾನ ಕಳಿಸಿ. ಮೇ 7ರ ಸಂಜೆಯಂತಿದ್ದರೆ ವಿಮಾನಗಳನ್ನು ಹ್ಯಾಂಗರ್‌ಗೆ ಇಳಿಸಿ, ರಾತ್ರಿ ನೌಕೆಗಳ ದಿಕ್ಕು ಬದಲಿಸಿ, ಬೆಳಗಿನ ಮೊದಲ ಗಸ್ತಿಗೆ ಎಷ್ಟು ವಿಮಾನ, ಯಾವ ಯಾವ ದಿಕ್ಕಿಗೆ ಅಂತ ಈಗಲೇ ಗೊತ್ತುಮಾಡಿಕೊಳ್ಳಿ.